ರೋಮಿಂಗ್ ಮೀಮಾಂಸೆ: ಬಂಗಾರಪೇಟೆ ಪಂಥ

ವಿದೇಶಕ್ಕೆ ಹೋದವರು ಕಡಿಮೆ ಖರ್ಚಿನಲ್ಲಿ ಊರಿನವರ ಜೊತೆ ಮಾತಾಡುವುದು ಹೇಗೆ ಎಂದು ಇದುವರೆಗೆ ಸಲಹೆ ಕೊಟ್ಟವರೆಲ್ಲ ವಿದೇಶಕ್ಕೆ ಹೋಗಿ ಬಂದವರೇ. ಹಾಗಾಗಿ ಅವರ ಮಾತಿನಲ್ಲಿ ಸ್ವಾನುಭವದ ಕಲಬೆರಕೆ ಇರುತ್ತದೆ. ನಾನು ಆ ದೋಷದಿಂದ ಮುಕ್ತ. ಆಚೆಗೆ ಕುಪ್ಪಂ, ಈಚೆಗೆ ಬೆಂಗಳೂರು, ಇವೆರಡರ ನಡುವಿನದು ನನ್ನ ಅಧ್ಯಯನ ಕ್ಷೇತ್ರ. ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರಂ ಬೆಂಚು ನನ್ನ ಕಚೇರಿ. ದುಬೈಗೋ ಕುವೈತ್‌ಗೋ ಪರ್ತ್‌ಗೋ ಹೊರಟವರು ಬೆಂಗಳೂರಿನ ರೈಲು ಕಾಯುತ್ತ ನನ್ನ ಸಲಹೆ ಪಡೆಯುತ್ತಾರೆ. ರೈಲು ತಡವಾದಷ್ಟೂ ಸಲಹೆ ಆಳವಾಗುತ್ತದೆ.

ಇಂಥ ಶಾಸ್ತ್ರಕ್ಕೆ ಈ ಊರೇ ಏಕೆ ಎಂದು ಕೇಳುವವರಿದ್ದಾರೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನ್ನಿಸಿಕೊಂಡಿದ್ದ ಊರಿದು. ಹೊರದೇಶದ ಜೊತೆಗಿನ ಸಂಪರ್ಕ ಹೆಸರಿನಿಂದಲೇ ಆರಂಭ. ಆದರೆ ನಿಜವಾದ ಪುರಾವೆ ಇರುವುದು ಪಕ್ಕದ ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನಲ್ಲಿ, ಅದೂ ನೆಲದ ಕೆಳಗೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯೊಳಗೆ, 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಹಿಡಿದರು. ಮೇಲಿನಿಂದ ಹೊರಟ ಆ ಕಣಗಳು ಟವರ್ ಇಲ್ಲದೆ, ಪ್ಯಾಕ್ ಹಾಕಿಸದೆ, ಬಂಡೆ ತೂರಿಕೊಂಡು ಬಂದು ತಲುಪಿದವು. ಮೊಬೈಲಿಗೆ ಬರುವ ಕರೆ ನಮ್ಮ ದೇಶದಲ್ಲಿ ಉಚಿತವಾದದ್ದು 2003ರ ಮೇ 1ರಿಂದ. ಅಂದರೆ ಅದಕ್ಕಿಂತ 38 ವರ್ಷ ಮೊದಲೇ ಕೆಜಿಎಫ್‌ನಲ್ಲಿ ಇನ್‌ಕಮಿಂಗ್ ಫ್ರೀ ಆಗಿತ್ತು. ಈ ಅಂಶವನ್ನು ದೂರಸಂಪರ್ಕ ಇತಿಹಾಸಕಾರರು ಗಮನಿಸಿಲ್ಲ.

ಹಾಗಾದರೆ ಖರ್ಚೇ ಆಗಲಿಲ್ಲವೇ? ಆಗಿತ್ತು. ಅಷ್ಟು ಆಳದ ಗುಂಡಿ ತೋಡಿದವರು ಮೊದಲೇ ಕೊಟ್ಟಿದ್ದರು. ಇಲ್ಲಿಂದ ಹುಟ್ಟಿದ್ದು ನಮ್ಮ ಪಂಥದ ಮೂಲಸೂತ್ರ: ಕರೆಯ ಖರ್ಚನ್ನು ಸೃಷ್ಟಿಸಲಿಕ್ಕೂ ಆಗದು, ನಾಶ ಮಾಡಲಿಕ್ಕೂ ಆಗದು, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿಸಬಹುದು, ಅಷ್ಟೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿಗೆ ಬಂದು ಈ ಸೂತ್ರವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿತು. ಚಿನ್ನ ಹಡಗು ಹತ್ತಿತು, ಸಯನೈಡ್ ಬೆರೆತ ಮಣ್ಣಿನ ಗುಡ್ಡ ಇಲ್ಲೇ ಉಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗುಡ್ಡ ಮುಚ್ಚಲಿಲ್ಲ, ಗಾಳಿ ಬೀಸಿದಾಗ ಇವತ್ತಿಗೂ ಮನೆಮನೆಗೆ ಬರುತ್ತದೆ. 2003ರಲ್ಲಿ ದೇಶದಲ್ಲಿ ಜಾರಿಗೆ ಬಂದದ್ದು ಕರೆ ಮಾಡಿದವರೇ ಹಣ ಕೊಡಬೇಕೆಂಬ ಪದ್ಧತಿ. ಕೆಜಿಎಫ್‌ನಲ್ಲಿ ನಡೆದದ್ದು ಅದಕ್ಕಿಂತ ಹಳೆಯದು: ಕರೆಸಿಕೊಂಡವರೇ ಕೊಟ್ಟರು.

ಗಣಿ ಮುಚ್ಚಿದ ಮೇಲೆ ಊರಿಗೆ ಊರೇ ರೈಲು ಹತ್ತಿತು. ಕೆಜಿಎಫ್‌ನ ಮಾರಿಕುಪ್ಪಂನಿಂದ ಹೊರಡುವ ಗಾಡಿಯಲ್ಲಿ ಬೆಳಕು ಹರಿಯುವ ಮೊದಲೇ ಬೆಂಗಳೂರಿನ ಕಡೆ ಮುಖ ಮಾಡಿ, ಕತ್ತಲಾದ ಮೇಲೆ ಹಿಂದಿರುಗುವವರು ಸಾವಿರಾರು. ದಿನಾ ಸುಮಾರು 100 ಕಿಲೋಮೀಟರ್ ಹೋಗಿ, ಅಷ್ಟೇ ದೂರ ವಾಪಸು ಬಂದು, ಹೆಂಡತಿ ಮಕ್ಕಳ ಜೊತೆ ಫೋನಿನಲ್ಲೇ ಸಂಸಾರ ಮಾಡುವವರನ್ನು ನಮ್ಮ ಪಂಥ ಅನಿವಾಸಿಗಳೆಂದೇ ಪರಿಗಣಿಸುತ್ತದೆ. ಅವರಿಗೆ ವೀಸಾ ಒಂದು ಬೇಕಾಗಿಲ್ಲ, ಸೀಟೂ ಸಿಗುವುದಿಲ್ಲ.

ಈ ಶಾಸ್ತ್ರಕ್ಕೆ ನಮ್ಮ ಊರಿನ ಎರಡನೆಯ ಅರ್ಹತೆ ಗಡಿ. 2015ರ ಜೂನ್‌ನಲ್ಲಿ ಬಿಎಸ್‌ಎನ್‌ಎಲ್ ದೇಶದೊಳಗಿನ ರೋಮಿಂಗ್‌ನಲ್ಲಿ ಬರುವ ಕರೆಗೆ ದುಡ್ಡು ಬಿಟ್ಟಿತು. 2017ರ ಏಪ್ರಿಲ್‌ನಲ್ಲಿ ಏರ್‌ಟೆಲ್ ಅದೇ ದಾರಿ ಹಿಡಿಯಿತು. ಅಲ್ಲಿಯವರೆಗೆ ರಾಜ್ಯ ದಾಟಿದರೆ ಬಂದ ಕರೆಗೂ ದುಡ್ಡು ಮುರಿಯುತ್ತಿದ್ದರು. ಆಂಧ್ರ ಗಡಿಗೆ ಹತ್ತಿರದ ಕಾಮಸಮುದ್ರದ ಕಡೆ ನೀವು ರಾಜ್ಯ ದಾಟುವ ಅಗತ್ಯವಿರಲಿಲ್ಲ, ರಾಜ್ಯವೇ ಬಂದು ಫೋನಿಗೆ ಅಡರುತ್ತಿತ್ತು. ನಡುಮನೆಯಲ್ಲಿ ಕರ್ನಾಟಕ, ಅಡುಗೆಮನೆಯಲ್ಲಿ ಆಂಧ್ರ. ಒಲೆ ಮುಂದೆ ನಿಂತವಳಿಗೆ ತವರಿನಿಂದ ಕರೆ ಬಂದರೆ ಸ್ವರಾಜ್ಯಕ್ಕೆ ಓಡಿಬಂದು ಎತ್ತಬೇಕು. ಅಷ್ಟರಲ್ಲಿ ಒಗ್ಗರಣೆಯ ಸಾಸಿವೆ ಸೀದು ಹೋಗಿರುತ್ತಿತ್ತು. ಬಿಲ್ ಉಳಿಯಿತು, ಸಾರು ಹೋಯಿತು. ಮೂಲಸೂತ್ರವನ್ನು ಓದುಗರು ಗಮನಿಸಬೇಕು. ಪಾಸ್‌ಪೋರ್ಟ್ ಇಲ್ಲದೆ ರೋಮಿಂಗ್ ಅನುಭವಿಸಿದ ಈ ತಾಲೂಕಿನವರಿಗೆ ನಾನು ಹೊಸದಾಗಿ ಕಲಿಸುವುದೇನೂ ಇಲ್ಲ. ಇದ್ದುದಕ್ಕೆ ಶಾಸ್ತ್ರದ ರೂಪ ಕೊಟ್ಟಿದ್ದೇನೆ.

ಈಗ ಮುಖ್ಯ ವಿಷಯಕ್ಕೆ, ಅಂದರೆ ಮಿಸ್ಡ್ ಕಾಲ್‌ಗೆ ಬರೋಣ.

ಹೊರದೇಶದಲ್ಲಿ ರೋಮಿಂಗ್‌ನಲ್ಲಿರುವ ಫೋನು ಬಡಿದುಕೊಂಡರೆ ದುಡ್ಡಿಲ್ಲ, ಎತ್ತಿದರೆ ದುಡ್ಡು. (ಎತ್ತದ ಕರೆ ವಾಯ್ಸ್‌ಮೇಲ್‌ಗೆ ಹೋಗುವಂತೆ ಮಾಡಿಟ್ಟಿದ್ದರೆ ಮಾತು ಬೇರೆ, ಊರು ಬಿಡುವ ಮುಂಚೆ ಅದನ್ನು ತೆಗೆಸಿ.) ಎತ್ತುವುದಕ್ಕೂ ಎತ್ತದಿರುವುದಕ್ಕೂ ನಡುವಿನ ಈ ಸಂದಿಯಲ್ಲಿ ನಮ್ಮವರು ಒಂದು ಭಾಷೆಯನ್ನೇ ಕಟ್ಟಿದ್ದಾರೆ. ಒಂದು ರಿಂಗ್ ಎಂದರೆ ಎಲ್ಲರೂ ಕ್ಷೇಮ. ಎರಡು, ಊಟ ಆಯಿತು. ಮೂರು, ದುಡ್ಡು ಕಳಿಸು. ನಾಲ್ಕಾದರೆ ಖರ್ಚು ನೋಡದೆ ಎತ್ತು, ಯಾರೋ ಹೋಗಿಬಿಟ್ಟಿದ್ದಾರೆ. ವ್ಯಾಕರಣ ಇಷ್ಟೇ. ಇದರಲ್ಲಿ ವಿಶೇಷಣಗಳಿಲ್ಲ, ಅದರಿಂದ ಜಗಳವೂ ಕಡಿಮೆ.

ಒಂದೇ ಒಂದು ತಾಂತ್ರಿಕ ತೊಡಕಿದೆ. ಕರೆ ಮಾಡಿದವರಿಗೆ ಕೇಳಿಸುವ ರಿಂಗು ಆ ಕಡೆಯ ಫೋನಿನ ರಿಂಗಲ್ಲ. ಅದು ನೆಟ್‌ವರ್ಕ್ ತಾನೇ ಹೊರಡಿಸುವ ಸದ್ದು. ಎರಡಕ್ಕೂ ತಾಳ ಸೇರಬೇಕೆಂಬ ನಿಯಮವಿಲ್ಲ. ಇಲ್ಲಿ ಎರಡೆಂದು ಎಣಿಸಿ ಕಟ್ ಮಾಡಿದ್ದು ಅಲ್ಲಿ ಮೂರಾಗಿರಬಹುದು. ನನ್ನ ಬೆಂಚಿಗೆ ಬಂದ ಪ್ರಕರಣವೊಂದರಲ್ಲಿ, ಮಾರಿಕುಪ್ಪಂನ ತಾಯಿಯೊಬ್ಬರು ರಾತ್ರಿ ಮುದ್ದೆ ಉಂಡು ಕೈತೊಳೆದು ಕುವೈತ್‌ನ ಮಗನಿಗೆ ಎರಡು ರಿಂಗ್ ಕೊಡುತ್ತಿದ್ದರು. ಅವನಿಗೆ ಮೂರು ಕೇಳಿಸುತ್ತಿತ್ತು. ಅವನು ಸಾಲ ಮಾಡಿಯಾದರೂ ಕಳಿಸಿದ. ಅಮ್ಮ ಇಷ್ಟೊಂದು ಯಾತಕ್ಕೆ ಖರ್ಚು ಮಾಡುತ್ತಾಳೆ ಎಂದು ಅವನಿಗೆ ಆಶ್ಚರ್ಯ. ಕೇಳದೇ ಕಳಿಸುತ್ತಾನಲ್ಲ, ಒಳ್ಳೆ ಸಂಬಳವೇ ಇರಬೇಕು ಎಂದು ಆಕೆಗೆ ಸಮಾಧಾನ. ವಿಚಾರಿಸೋಣವೆಂದರೆ ಎತ್ತಿ ಮಾತಾಡಬೇಕು, ಅದಕ್ಕೆ ದುಡ್ಡಾಗುತ್ತದೆ. ಇಬ್ಬರೂ ಮಿತವ್ಯಯಿಗಳು, ಹಾಗಾಗಿ ವ್ಯವಸ್ಥೆ ಬಹುಕಾಲ ಸುಗಮವಾಗಿ ನಡೆಯಿತು.

ಇದನ್ನೆಲ್ಲ ಕೇಳಿದ ಹೊಸ ತಲೆಮಾರಿನವರು, ‘ವಾಟ್ಸಾಪ್ ಇದೆಯಲ್ಲ ಸಾರ್’ ಎನ್ನುತ್ತಾರೆ. ಇದೆ. ದುಬೈಗೆ ಹೋಗಿ ನೋಡಲಿ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ವಾಟ್ಸಾಪ್‌ನಲ್ಲಿ ಬರೆದದ್ದು ಹೋಗುತ್ತದೆ, ಫೋಟೊ ಹೋಗುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಕರೆ ಬೇಕಾದರೆ ಅಲ್ಲಿನವರು ಒಪ್ಪಿದ ಆಪ್ ಹುಡುಕಬೇಕು. ಹಾಗಾಗಿ ನಮ್ಮವರು ಮಾತನ್ನು ತುಂಡು ಮಾಡಿ ವಾಯ್ಸ್ ನೋಟ್‌ಗಳಲ್ಲಿ ಕಳಿಸುತ್ತಾರೆ. ಇದು ಸಂಭಾಷಣೆಯಲ್ಲ, ಆಕಾಶವಾಣಿ. ಇತ್ತ ಅಜ್ಜಿ ಪ್ರಸಾರ ಮಾಡುತ್ತಾರೆ, ಅತ್ತ ಮೊಮ್ಮಗ ಕಟ್ಟಡದ ಮೇಲೆ ಪಾಳಿ ಮುಗಿಸಿ ಕೇಳುತ್ತಾನೆ. ಅಷ್ಟೊತ್ತಿಗೆ ನಾಲ್ಕು ನೋಟ್ ಬಂದಿರುತ್ತವೆ. ಅವನು ಕೊನೆಯದನ್ನು ಮೊದಲು ಒತ್ತುತ್ತಾನೆ. ‘ಅದಕ್ಕೇ ಅಪ್ಪಾ, ಈಗ ಆಸ್ಪತ್ರೆಯಿಂದ ಕರಕೊಂಡು ಬಂದ್ವಿ’ ಎಂಬುದು ಮೊದಲು ಕೇಳಿಸುತ್ತದೆ, ಹಸು ಒದ್ದ ಸಂಗತಿ ಆಮೇಲೆ. ಪೆಟ್ಟು ತಿಂದದ್ದು ಯಾರೆಂಬುದು ಹಿನ್ನೆಲೆಯಲ್ಲಿ ಹಾದುಹೋದ ರೈಲಿನ ಸದ್ದಿನಲ್ಲಿ ಮುಳುಗಿರುತ್ತದೆ.

ಆಸ್ಟ್ರೇಲಿಯಾದ ಪ್ರಶ್ನೆ ಬೇರೆ. ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಎಷ್ಟೋ ಮಂದಿ ಪರ್ತ್, ಮೆಲ್ಬರ್ನ್ ಕಡೆ ನೆಲೆಸಿದ್ದಾರೆ. ಪರ್ತ್ ನಮಗಿಂತ ಎರಡೂವರೆ ಗಂಟೆ ಮುಂದೆ, ದುಬೈ ಒಂದೂವರೆ ಗಂಟೆ ಹಿಂದೆ, ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಕರೆ ಉಚಿತವಾದ ಮೇಲೆ ಉಳಿದದ್ದು ನಿದ್ದೆಯ ಖರ್ಚು. ಅದನ್ನು ಯಾರು ಕೊಡಬೇಕು? ನಮ್ಮ ಪಂಥದಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯವಿಲ್ಲ: ವಯಸ್ಸಾದವರು. ಅವರಿಗೆ ಹೇಗೂ ನಿದ್ದೆ ಬರುವುದಿಲ್ಲ ಎಂಬುದು ವಿದೇಶದಲ್ಲಿರುವವರ ಸಂಶೋಧನೆ.

ಹಳದಿ ಬೋರ್ಡಿನ ಎಸ್‌ಟಿಡಿ-ಐಎಸ್‌ಡಿ ಬೂತ್‌ಗಳ ಕಾಲದಲ್ಲಿ ಹೀಗಿರಲಿಲ್ಲ ಎಂದು ಹಳಬರು ಹೇಳುತ್ತಾರೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಗಾಜಿನ ಗೂಡಿನಲ್ಲಿ ನಿಂತು, ಕೆಂಪು ಅಂಕಿ ಓಡುವ ಮೀಟರ್ ಮೇಲೆ ಕಣ್ಣಿಟ್ಟು, ಸಮುದ್ರದಾಚೆಗೆ ನೇರವಾಗಿ ಕೇಳಲಿ ಎಂದು ಕೂಗಿ ಮಾತಾಡುತ್ತಿದ್ದರು. ಸರದಿಯಲ್ಲಿ ನಿಂತವರಿಗೆಲ್ಲ ಮನೆಯ ಸುದ್ದಿ ಗೊತ್ತಾಗುತ್ತಿತ್ತು. ಕೆಲವರು ಹೊರಗಿನಿಂದಲೇ ಮರೆತ ವಿಷಯ ನೆನಪು ಮಾಡಿಕೊಡುತ್ತಿದ್ದರು: ‘ನಾದಿನಿ ಮದುವೆ ವಿಷಯ ಹೇಳಕ್ಕಾ!’ ಇಂಥ ಸೇವೆ ಈಗಿನ ಯಾವ ಪ್ಲಾನ್‌ನಲ್ಲೂ ಇಲ್ಲ.

ಉಳಿದ ಸಲಹೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ರೈಲಿನ ಸಿಗ್ನಲ್ ಬಿದ್ದಿದೆ. ಊರಿನ ಸಿಮ್‌ನಲ್ಲಿ ಡೇಟಾ ರೋಮಿಂಗ್ ಆರಿಸಿ, ಇಲ್ಲದಿದ್ದರೆ ನೀವು ಮಲಗಿರುವಾಗ ಫೋನು ತನ್ನಷ್ಟಕ್ಕೆ ತಾನು ಅಪ್‌ಡೇಟ್ ಆಗುತ್ತದೆ, ಬಿಲ್ಲೂ ಆಗುತ್ತದೆ. ವಿಮಾನ ಹತ್ತಿದೊಡನೆ ಏರೋಪ್ಲೇನ್ ಮೋಡ್ ಹಾಕಿ. ಕೆಲವು ವಿಮಾನಗಳ ಒಳಗೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಅದರ ದರ ವಿಮಾನ ಹಾರುವ ಎತ್ತರದಲ್ಲೇ ಇರುತ್ತದೆ. ಸಾಮಾನ್ಯ ರೋಮಿಂಗ್ ಪ್ಯಾಕ್‌ಗೆ ಆ ಆಕಾಶ ಸೇರಿರುವುದಿಲ್ಲ. ಊರಿನವರ ನಂಬರುಗಳನ್ನು ಮೊದಲಿಗೆ ಸೊನ್ನೆ ಹಾಕಿ ಉಳಿಸಿಕೊಂಡಿದ್ದರೆ ಈಗಲೇ ಪ್ಲಸ್ 91 ಮಾಡಿ. ಅಲ್ಲಿನ ಸಿಮ್ ಹಾಕಿದಾಗ ವಾಟ್ಸಾಪ್ ‘ನಂಬರ್ ಬದಲಾಯಿಸಲೇ?’ ಎಂದು ಕೇಳಿದರೆ ಬೇಡವೆನ್ನಿ, ಹಳೆಯ ನಂಬರಿನಲ್ಲೇ ನಡೆಯುತ್ತದೆ. ಇನ್ನು ರೋಮಿಂಗ್ ಪ್ಯಾಕ್‌ನ ಷರತ್ತುಗಳು ಬಂಗಾರಪೇಟೆ ಪಾನಿಪುರಿಯ ನೀರಿದ್ದಂತೆ: ನೋಡಲು ಬಣ್ಣವೇ ಇಲ್ಲ, ತಳವೂ ಕಾಣುತ್ತದೆ, ಗಂಟಲಿಗಿಳಿದ ಮೇಲೆ ಗೊತ್ತಾಗುತ್ತದೆ. 24 ಗಂಟೆಯ ಪ್ಯಾಕ್ ಯಾವ ದೇಶದ ಗಡಿಯಾರದ 24 ಗಂಟೆ ಎಂದು ಕೇಳಿಕೊಂಡು ಹೋಗಿ.

ಊರಿನ ಸಿಮ್ಮನ್ನು ಏನು ಮಾಡಬೇಕು? ಇದೇ ನನ್ನ ಬೆಂಚಿನ ಅತ್ಯಂತ ಕಠಿಣ ಪ್ರಶ್ನೆ. ಬಳಕೆಯಿಲ್ಲದೆ 90 ದಿನ ಕಳೆದರೆ ಕಂಪನಿ ಅದನ್ನು ರದ್ದು ಮಾಡಬಹುದು. ಪಿಂಚಣಿದಾರರು ನವೆಂಬರ್‌ನಲ್ಲಿ ಬದುಕಿದ್ದೇವೆಂದು ತೋರಿಸುವ ಹಾಗೆ ಸಿಮ್ಮೂ ಆಗಾಗ ಉಸಿರಾಡಿ ತೋರಿಸಬೇಕು. ಬಿಟ್ಟುಬಿಡೋಣವೆಂದರೆ ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ. ರೋಮಿಂಗ್‌ನಲ್ಲಿ ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ, ಎರಡು ಸಿಮ್ಮಿನ ಫೋನಿನಲ್ಲಿ ಒಂದು ಕಡೆ ಅದನ್ನು ಸುಮ್ಮನೆ ಕೂರಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಒಬ್ಬ ಯುವಕ ಇನ್ನೂ ಅಗ್ಗದ ದಾರಿ ಕಂಡುಹಿಡಿದ. ಊರಿನ ಸಿಮ್ಮನ್ನು ಹಳೆಯ ಫೋನಿಗೆ ಹಾಕಿ ತಾಯಿಯ ಕೈಗೆ ಕೊಟ್ಟು ಪರ್ತ್‌ಗೆ ಹೋದ. ತಾಯಿ ರಾಬರ್ಟ್‌ಸನ್‌ಪೇಟೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಡಂ. ಓಟಿಪಿ ಓದುವುದರಲ್ಲಿ ತಪ್ಪಾಗುವ ಪ್ರಶ್ನೆಯೇ ಇರಲಿಲ್ಲ.

ಅವನು ಬಾಡಿಗೆ ಕಟ್ಟಬೇಕಿತ್ತು. ವಾಟ್ಸಾಪ್‌ನಲ್ಲಿ ಕರೆ ಮಾಡಿದ. ಮುಂದಿನ ಮಾತುಕತೆಯನ್ನು ಪಕ್ಕದಲ್ಲಿದ್ದವರು ನನಗೆ ಹೇಳಿದಂತೆ ದಾಖಲಿಸುತ್ತಿದ್ದೇನೆ.

‘ಅಮ್ಮಾ, ಮೆಸೇಜ್ ಬಂತಾ?’

‘ಬಂತು.’

‘ನಂಬರ್ ಓದಿ ಹೇಳಮ್ಮಾ, ಬೇಗ.’

‘ಯಾರಿಗೂ ಹೇಳಬೇಡಿ ಅಂತ ಬರೆದಿದೆಯಲ್ಲೋ.’

‘ನಾನು ನಿನ್ನ ಮಗ ಅಮ್ಮಾ.’

‘ಯಾರು ಕೇಳಿದರೂ ಕೊಡಬೇಡ ಅಂತ ನೀನೇ ಹೋಗೋವಾಗ ಹೇಳಿದ್ದೆ.’

‘ಬ್ಯಾಂಕಿನವರು ಅಂತ ಹೇಳಿಕೊಂಡು ಕೇಳಿದರೆ ಕೊಡಬೇಡ ಅಂದಿದ್ದು.’

‘ಮಗ ಅಂತ ಹೇಳಿಕೊಂಡೂ ಕೇಳ್ತಾರಂತೆ. ಪೇಪರಿನಲ್ಲಿ ಬಂದಿತ್ತು.’

‘ವಿಡಿಯೊ ಹಾಕ್ತೀನಿ, ಮುಖ ನೋಡು.’

‘ಮುಖಾನೂ ಈಗ ಕಂಪ್ಯೂಟರಿನಲ್ಲೇ ಮಾಡ್ತಾರಂತೆ. ಅದೂ ಪೇಪರಿನಲ್ಲೇ ಬಂದಿತ್ತು. ಸರಿ, ನನ್ನ ಮಗನೇ ಆದರೆ, ಹೊರಡೋ ಹಿಂದಿನ ದಿನ ನನ್ನ ಹತ್ತಿರ ಎಷ್ಟು ಇಸ್ಕೊಂಡೆ ಹೇಳು.’

‘ಐದು ಸಾವಿರ.’

‘ನನ್ನ ಮಗ ಹತ್ತು ಇಸ್ಕೊಂಡಿದ್ದ’ ಎಂದು ಮೇಡಂ ಫೋನ್ ಇಟ್ಟರು.

ವಾಟ್ಸಾಪ್ ಕರೆಯಾದ್ದರಿಂದ ಖರ್ಚೇನೂ ಬರಲಿಲ್ಲ.