ಭಾವನ ಹಕ್ಕಿಲೆಕ್ಕ

ನಿವೃತ್ತರಾದ ಗಂಡಸರು ಏನಾಗುತ್ತಾರೆಂದು ಯಾವ ಜ್ಯೋತಿಷಿಯೂ ಹೇಳಲಾರ. ಕೆಲವರು ದೇವಸ್ಥಾನದ ಕಮಿಟಿ ಸೇರುತ್ತಾರೆ, ಕೆಲವರು ಹೋಮಿಯೋಪತಿ ಗುಳಿಗೆ ಹಂಚುತ್ತಾರೆ. ನಮ್ಮ ಭಾವ ಹಕ್ಕಿ ಹಿಡಿದರು. ಕೈಯಲ್ಲಲ್ಲ, ಫೋನಿನಲ್ಲಿ.

ಅವರಿರುವ ಪೆರಿಯನಾಯಕನಪಾಳ್ಯಂ ಇದಕ್ಕೆ ತಕ್ಕ ಊರೇ. ಕೊಯಮತ್ತೂರಿನಿಂದ ಮೇಟ್ಟುಪಾಳ್ಯಂಗೆ ಹೋಗುವ ರಸ್ತೆಯುದ್ದಕ್ಕೂ ಕಾರ್ಖಾನೆ, ವರ್ಕ್‌ಶಾಪು, ಬೇಕರಿ. ಪಶ್ಚಿಮಕ್ಕೆ ತಿರುಗಿದರೆ ಬೆಟ್ಟಗಳ ಸಾಲು. ಬೆಟ್ಟದಿಂದ ಆನೆ ಇಳಿದರೆ ಜನ ಅರಣ್ಯ ಇಲಾಖೆಗೆ ಫೋನು ಮಾಡುತ್ತಾರೆ, ಹೊಸ ಹಕ್ಕಿ ಇಳಿದರೆ ಭಾವನಿಗೆ.

ಹಕ್ಕಿ ನೋಡುವವರ ಮೊದಲ ಉಪಕರಣ ಬಂದೂಕು ಎಂಬುದನ್ನು ಭಾವನೇ ನನಗೆ ಹೇಳಿದ್ದು. ಹುಡುಗ ಸಲೀಂ ಅಲಿ ಏರ್‌ಗನ್ನಿನಿಂದ ಹೊಡೆದುರುಳಿಸಿದ ಗುಬ್ಬಚ್ಚಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವುದೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲಾರ್ಡ್ ಸಾಹೇಬರ ಬಳಿಗೆ ಹೋದರಂತೆ. ಹಕ್ಕಿಗೆ ಹೆಸರು ಸಿಕ್ಕಿತು, ಪ್ರಾಣ ಹೋಗಿತ್ತು. ಆಮೇಲೆ ಬೈನಾಕ್ಯುಲರ್ ಬಂತು, 1941ರಲ್ಲಿ ಅದೇ ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಬಂತು. 1990ರಲ್ಲಿ ಶುರುವಾದ ಅವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರ ಇರುವುದೂ ಈ ಬೆಟ್ಟಗಳ ಆಚೆ ಆನೈಕಟ್ಟಿಯಲ್ಲೇ. ಈಗ ಪುಸ್ತಕ, ಮಿಲಾರ್ಡ್ ಸಾಹೇಬ, ಗುರು, ಗುಮಾಸ್ತ ಎಲ್ಲವೂ ಭಾವನ ಅಂಗಿ ಜೇಬಿನಲ್ಲಿವೆ.

ಗುರುವಿನ ಹೆಸರು ಮರ್ಲಿನ್. ಅಮೆರಿಕದ ಕಾರ್ನೆಲ್ ಪ್ರಯೋಗಾಲಯ 2014ರಲ್ಲಿ ಹೊರತಂದ ಆ್ಯಪು. 2021ರಿಂದ ಅದಕ್ಕೆ ಕಿವಿಯೂ ಬಂದಿದೆ. ಫೋನು ಹಿಡಿದು ನಿಂತರೆ ಸುತ್ತಲಿನ ಸದ್ದು ಪರದೆಯ ಮೇಲೆ ಹೊಗೆಯ ಗೆರೆಗಳಾಗಿ ಹರಿಯುತ್ತದೆ. ಜನ ಧ್ವನಿಮುದ್ರಿಸಿ ಕೊಟ್ಟ ಸಾವಿರಾರು ಕೂಗುಗಳ ಚಿತ್ರ ನೋಡಿ ನೋಡಿ ಪಳಗಿದ ಯಂತ್ರ ಆ ಗೆರೆ ಯಾರದೆಂದು ಹೇಳುತ್ತದೆ. ಬೆಳಗಾದರೆ ಭಾವ ತಾರಸಿಯಲ್ಲಿ ಫೋನು ಎತ್ತಿ ಹಿಡಿದಿರುತ್ತಾರೆ. ಪಿಕಳಾರ ಬರುತ್ತದೆ, ಮಡಿವಾಳ ಬರುತ್ತದೆ. ಕೂಗಿದವರ ಹೆಸರು ಹಳದಿಯಾಗಿ ಮಿನುಗುತ್ತದೆ.

“ರೀ, ಹಕ್ಕಿ ನುಗ್ಗೇಮರದಲ್ಲಿದೆ, ನೀವು ಅಂಗೈ ನೋಡ್ಕೊಂಡು ನಿಂತಿದ್ದೀರಿ” ಎಂದಳು ಅಕ್ಕ.

“ಶ್! ರೆಕಾರ್ಡ್ ಆಗ್ತಿದೆ.”

ಬೆಟ್ಟದ ಬುಡದಲ್ಲಿ ಮಾತ್ರ ಗುರುವಿಗೇ ಗುರು ಸಿಕ್ಕಿದ. ಗಿಡುಗ ಎಂದಿತು ಫೋನು, ಹರಟೆಮಲ್ಲ ಎಂದಿತು, ಮತ್ತೆ ಇನ್ನೊಂದೇನೋ. ಇಷ್ಟು ಜನ ಒಂದೇ ಕೊಂಬೆಯ ಮೇಲೆ ಸಭೆ ಸೇರಿದ್ದಾರೆಂದು ಭಾವ ಕತ್ತು ನೋಯುವಷ್ಟು ಹುಡುಕಿದರು. ಕೊಂಬೆಯ ಮೇಲಿದ್ದದ್ದು ಒಬ್ಬನೇ ಭೀಮರಾಜ. ಬಾಲದ ಎರಡು ತಂತಿಗಳ ತುದಿಗೆ ಗರಿಯ ಬಿಲ್ಲೆ ಕಟ್ಟಿಕೊಂಡು, ಕಾಡಿನವರನ್ನೆಲ್ಲ ಅಣಕಿಸುವ ಕಪ್ಪು ಹಕ್ಕಿ. ಅಮೆರಿಕದ ಯಂತ್ರವನ್ನು ಏಮಾರಿಸಿ ಪುರ್ರೆಂದು ಹಾರಿಹೋಯಿತು.

ಇನ್ನು ಗುಮಾಸ್ತನೆಂದರೆ ಇಬರ್ಡ್. 2002ರಿಂದ ಇರುವ ಈ ಜಾಲದಲ್ಲಿ ಎಲ್ಲಿ, ಎಷ್ಟು ಹೊತ್ತು, ಎಷ್ಟು ದೂರ ನಡೆದು, ಯಾವ ಹಕ್ಕಿ ಎಷ್ಟು ಕಂಡಿರಿ ಎಂದು ಬರೆಯಬೇಕು. ಕೊನೆಗೊಂದು ಪ್ರಶ್ನೆ: ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಇಲ್ಲಿ ಕಾಗೆಯನ್ನು ಬಿಟ್ಟು ‘ಹೌದು’ ಎನ್ನುವಂತಿಲ್ಲ. ಪಟ್ಟಿಯಲ್ಲಿಲ್ಲದ್ದು ಅಲ್ಲಿ ಕಾಣಲೇ ಇಲ್ಲ ಎಂದು ಲೆಕ್ಕ. ಹಾಗಾಗಿ ಭಾವ ಕಾಗೆ, ಮೈನಾ, ಪಾರಿವಾಳಗಳನ್ನು ಒಂದೂ ಬಿಡದೆ ಬರೆಯುತ್ತಾರೆ.

“ಅಂಗಡಿಗೆ ಆರು ಸಾಮಾನು ಬರೆದುಕೊಟ್ರೆ ಮೂರು ಮರೆತು ಬರೋ ಮನುಷ್ಯ ಇವರೇನಾ?” ಎಂದು ಅಕ್ಕ ನನ್ನನ್ನು ಕೇಳಿದಳು. ನಾನು ಭಾವನ ಮನೆಯ ಕಾಫಿ ಕುಡಿಯುತ್ತಿದ್ದೆ, ಉತ್ತರಿಸಲಿಲ್ಲ.

ನಾನು ಹೋದದ್ದು ಪೊಂಗಲ್ ಹಬ್ಬಕ್ಕೆ. ಆ ರಜೆಯಲ್ಲಿ ತಮಿಳುನಾಡಿನ ಪಕ್ಷಿಪ್ರಿಯರು ಪೊಂಗಲ್ ಹಕ್ಕಿ ಗಣತಿ ನಡೆಸುತ್ತಾರೆ. ಕನಿಷ್ಠ 15 ನಿಮಿಷ ನೋಡಿ, ಎಣಿಸಿ, ಇಬರ್ಡಿಗೆ ಹಾಕಿದರಾಯಿತು. ಒಳಗೆ ಪೊಂಗಲ್ ಉಕ್ಕುವ ಹೊತ್ತಿಗೆ ಸರಿಯಾಗಿ ನಾವಿಬ್ಬರೂ ಊರಾಚೆ ಗೌಂಡರ ಜೋಳದ ಹೊಲದ ಬದುವಿನ ಮೇಲಿದ್ದೆವು. ಹೊಲದ ತುಂಬ ನವಿಲು. ಹೆಣ್ಣುಗಳು ತೆನೆ ಜಗ್ಗುತ್ತಿದ್ದವು, ಗಂಡೊಂದು ರೇಷ್ಮೆ ಪಂಚೆ ಎಳೆದುಕೊಂಡು ನಡೆವ ಬೀಗರಂತೆ ಬದು ದಾಟಿತು. ಗೌಂಡರು ಮನೆಯಲ್ಲಿ ಕನ್ನಡ ಮಾತಾಡುವವರು, ಹೊರಗೆ ತಮಿಳು. ನಮ್ಮ ಹತ್ತಿರ ಎರಡೂ.

“ನವಿಲು ಎಷ್ಟು ಅಂತ ಬರ್ಕೊಂಡ್ರಾ ಸಾರ್? ಹಂಗೇ ಅವು ತಿಂದ ಜೋಳಾನೂ ಬರ್ಕೊಳ್ಳಿ.”

ಆ್ಯಪಿನಲ್ಲಿ ಅದಕ್ಕೆ ಕಾಲಂ ಇಲ್ಲ ಎಂದು ಭಾವ ವಿನಯದಿಂದ ತಿಳಿಸಿದರು. ಸಮಾಧಾನಕ್ಕೆಂದು ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ 2023ರ ವರದಿಯ ವಿಷಯ ತೆಗೆದರು. ಸುಮಾರು 30,000 ಪಕ್ಷಿವೀಕ್ಷಕರು ಇಬರ್ಡಿಗೆ ತುಂಬಿದ ಲೆಕ್ಕದಿಂದ 942 ಜಾತಿಗಳ ಸ್ಥಿತಿಗತಿ ತಿಳಿದಿದೆ. ಕಾಗೆ ಎಣಿಸಿದ್ದೂ ದಂಡವಾಗಿಲ್ಲ. ನಮ್ಮ ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ತೀರಾ ಇಳಿಮುಖ. ತಂತಿಯ ಮೇಲೆ ಸದಾ ಕಾಣುತ್ತಿದ್ದ ಹಕ್ಕಿಯಾದ್ದರಿಂದ ಯಾರೂ ಎಣಿಸಿರಲಿಲ್ಲ, ಇಳಿದದ್ದು ಗೊತ್ತಾಗಲು ಇಷ್ಟು ಜನರ ಪಟ್ಟಿ ಬೇಕಾಯಿತು. ಕೋಗಿಲೆ, ನವಿಲು ಮಾತ್ರ ದೇಶದಲ್ಲೆಲ್ಲ ಹೆಚ್ಚುತ್ತಿವೆ.

ಗೌಂಡರು ಪೂರ್ತಿ ಕೇಳಿಸಿಕೊಂಡರು. “ನವಿಲು ಜಾಸ್ತಿ ಆಗಿದೆ ಅನ್ನೋಕೆ ಮೂವತ್ತು ಸಾವಿರ ಜನ ಬೇಕಾಯ್ತಾ? ನನ್ನೊಬ್ಬನ್ನ ಕೇಳಿದ್ರೆ ಆಗ್ತಿತ್ತು.”

ಭಾವ ಎಣಿಸಿ 38 ಎಂದು ಒತ್ತಿದರು. ಆ್ಯಪು ಅನುಮಾನಪಟ್ಟಿತು. ಒಂದೊಂದು ಪ್ರದೇಶಕ್ಕೆ ಇಂತಿಷ್ಟೆಂದು ಮಿತಿಯಿರುತ್ತದೆ, ದಾಟಿದರೆ ವಿವರ ಕೊಡಬೇಕು. ಆಮೇಲೆ ಅದನ್ನು ಸ್ವಯಂಸೇವಕ ಪರಿಶೀಲಕರೊಬ್ಬರು ನೋಡುತ್ತಾರೆ.

“ಅವರನ್ನೇ ಬರೋಕೆ ಹೇಳಿ” ಎಂದರು ಗೌಂಡರು, “ಎಣಿಸಿ ನೋಡಿ, ಹೋಗ್ತಾ ಅರ್ಧ ಕರ್ಕೊಂಡು ಹೋಗ್ಲಿ.”

ಭಾವ ಗಂಭೀರವಾಗಿ ಟೈಪು ಮಾಡತೊಡಗಿದರು. ಇಣುಕಿ ನೋಡಿದೆ. ವಿವರದ ಜಾಗದಲ್ಲಿ ಹೀಗಿತ್ತು: “ಹೊಲದ ಯಜಮಾನರು ಸ್ಥಳದಲ್ಲೇ ದೃಢಪಡಿಸಿದ್ದಾರೆ. ಸಂಖ್ಯೆ ಕಡಿಮೆಯಾಯಿತೆಂದು ಅವರ ಆಕ್ಷೇಪಣೆ ಇದೆ.”