ಬಿಚ್ಚೋಜಿರಾಯರು

ಮನೆಯ ಗೇಟಿನ ಫಲಕದಲ್ಲಿ ಬೇರೆ ಹೆಸರಿದೆ. ಬಡಾವಣೆಯ ಬಾಯಲ್ಲಿ ಮಾತ್ರ ಅವರು ಬಿಚ್ಚೋಜಿರಾಯರು. ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಿಂದ ನಿವೃತ್ತರಾದವರು. ಬೆಂಗಳೂರಿನ ಯಾವ ಹಳೇ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ: ಮೈಮೇಲೆ ಬನಿಯನ್ನು, ದಾರ ಕಟ್ಟಿದ ಕನ್ನಡಕ, ಕಂಕುಳಲ್ಲಿ ಮೈಸೂರು ಪಾಕಿನ ತಗಡಿನ ಡಬ್ಬಿ. ಡಬ್ಬಿಯಲ್ಲಿ ಮೈಸೂರು ಪಾಕು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ. ಅಕ್ಕಪಕ್ಕದಲ್ಲಿ ಏನಾದರೂ ಕೆಟ್ಟರೆ ರಾಯರನ್ನು ಕರೆಯುವುದು ಕಷ್ಟವಲ್ಲ, ಕರೆಯದೆ ಇರುವುದು ಕಷ್ಟ.

ಹಿಂದೆ ಅವರಿಗೆ ಬಿಡುವಿರಲಿಲ್ಲ. ರೇಡಿಯೊ, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಎಲ್ಲಕ್ಕೂ ಕಣ್ಣಿಗೆ ಕಾಣುವ ಸ್ಕ್ರೂ ಇತ್ತು. ಈಗಿನ ಮೊಬೈಲಿಗೆ ಅದೂ ಇಲ್ಲ. "ಸ್ಕ್ರೂ ಕಾಣದ ಹಾಗೆ ಮಾಡಿದ್ದಾರೆ ಅಂದ್ರೆ ನಮ್ಮನ್ನ ನಂಬಲ್ಲ ಅಂತ ಅರ್ಥ" ಎನ್ನುವುದು ರಾಯರ ದುಃಖ. ಹಾಗಾಗಿ ಕಾರಿನ ರಿಮೋಟ್ ಕೀ ಕೆಟ್ಟ ಸುದ್ದಿ ಬಂದರೆ ಅವರ ಮುಖದಲ್ಲಿ ಯೌವನ ಮರಳುತ್ತದೆ.

ಮೊನ್ನೆ ಎದುರುಮನೆಯ ಸಾಫ್ಟ್‌ವೇರ್ ಹುಡುಗ ರೇಷ್ಮೆ ಪಂಚೆಯುಟ್ಟು ಕಾರಿನ ಮುಂದೆ ನಿಂತು ರಿಮೋಟು ಒತ್ತುತ್ತಿದ್ದ. ಹತ್ತೂವರೆಗೆ ಸ್ನೇಹಿತನ ಮುಹೂರ್ತ. ಕಾರು ಮಿಸುಕಲಿಲ್ಲ. ಶೋರೂಮಿಗೆ ಫೋನ್ ಮಾಡಲು ಮೊಬೈಲು ತೆಗೆದನೋ ಇಲ್ಲವೋ, ಬೆನ್ನ ಹಿಂದೆ ಡಬ್ಬಿ ಗಲಗಲ ಎಂದಿತು.

"ಶೋರೂಮಿಗಾ? ಹೋಗು, ಎಸಿಲಿ ಕೂರಿಸಿ ಕಾಫಿ ಕೊಡ್ತಾರೆ. ಆ ಕಾಫಿಗೆ ದುಡ್ಡು ಯಾರದು ಅಂದ್ಕೊಂಡಿದ್ದೀಯ?" ಆಮೇಲೆ ರೋಗಿಯ ವಿಚಾರಣೆ. "ಮೊದಲು ಗೇಟಿಂದಾನೇ ತೆಗೀತಿತ್ತು. ಬರ್ತಾ ಬರ್ತಾ ಕಾರಿನ ಹತ್ರ ಬಂದು ಒತ್ತಬೇಕಾಯ್ತು. ಹೌದೋ ಅಲ್ವೋ?"

"ಹೌದು ಅಂಕಲ್!"

"ಸೆಲ್ ವೀಕಾಗಿದೆ ಕಣಯ್ಯಾ."

ರಾಯರು ಕೀಯ ಪಕ್ಕದ ಗುಂಡಿ ಅದುಮಿ, ಹೊಟ್ಟೆಯೊಳಗಿಂದ ಒಂದು ಲೋಹದ ಕೀಲಿಕೈ ಎಳೆದರು. ಐದು ವರ್ಷದಿಂದ ಅದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದ್ದ ಹುಡುಗ ಬೆರಗಾದ. ಬಾಗಿಲು ತೆರೆಯಿತು. ರಿಮೋಟನ್ನು ಸ್ಟಾರ್ಟ್ ಬಟನ್ನಿಗೇ ಒತ್ತಿ ಹಿಡಿದು, "ಬ್ರೇಕ್ ತುಳಿ" ಎಂದರು. ಇಂಜಿನ್ ಗುರ್ ಎಂದಿತು. "ಒಳಗೊಂದು ಚಿಪ್ಪಿದೆ. ಅದಕ್ಕೆ ಸೆಲ್ಲೇ ಬೇಡ, ಹತ್ತಿರ ಹಿಡಿದರೆ ಕಾರಿನ ತಂತಿಸುರುಳೀನೇ ಕರೆಂಟು ಕೊಡತ್ತೆ."

"ಥ್ಯಾಂಕ್ಸ್ ಅಂಕಲ್, ಬರ್ತೀನಿ!"

ರಾಯರು ಕೈಚಾಚಿ ಇಂಜಿನ್ ಆರಿಸಿದರು. "ಸ್ಟಾರ್ಟ್ ಆಗತ್ತೆ ಅಂತ ಗೊತ್ತಾಯ್ತಲ್ಲ. ಇಳಿ, ಬಿಚ್ಚೋಣ."

ಜಗಲಿಯ ಮೇಲೆ ಹಳೇ ಪೇಪರು ಹಾಸಿದ್ದಾಯಿತು. ಕೀಲಿಕೈ ಬಂದ ಸಂದಿಗೆ ನಾಣ್ಯ ತೂರಿಸಿ ತಿರುಗಿಸಿದರೆ ಟಕ್, ರಿಮೋಟು ಇಬ್ಭಾಗ. ಹಾಲಿನವನು, ಪೇಪರಿನವನು, ಇಬ್ಬರು ವಾಕಿಂಗ್ ಹಿರಿಯರು ನೆರೆದರು. ಆಚೆಮನೆ ಕಾಂಪೌಂಡಿನಿಂದ ದನಿಯೊಂದು ತೇಲಿಬಂತು: "ರೀ, ನಮ್ಮ ಗ್ರೈಂಡರು ಬಿಚ್ಚಿಟ್ಟು ಶಿವರಾತ್ರಿ ಕಳೀತು!"

"ಅದು ದೊಡ್ಡ ಕೇಸು" ಎಂದು ರಾಯರು ತಲೆಯೆತ್ತದೆ ಉತ್ತರಿಸಿ ಮಲ್ಟಿಮೀಟರ್ ಹಚ್ಚಿದರು. 2.9 ವೋಲ್ಟ್.

"ಮೂರರ ಸೆಲ್ಲು, ಸರಿಯಾಗೇ ಇದೆಯಲ್ಲ ಅಂಕಲ್?"

"ಸುಮ್ನೆ ಕೂತಾಗ ಗುಮಾಸ್ತರೆಲ್ಲ ಚುರುಕಾಗೇ ಕಾಣ್ತಾರೆ. ಫೈಲು ಕೊಟ್ಟಾಗ ಗೊತ್ತಾಗತ್ತೆ. ಇದೂ ಹಾಗೇ. ಬಟನ್ ಒತ್ತಿದಾಗ ಕುಸಿಯತ್ತೆ."

ಸೆಲ್ಲಿನ ಮೇಲೆ ಸಿಆರ್2032 ಎಂದಿತ್ತು. ಅಡ್ಡಗಲ 20 ಮಿಲಿಮೀಟರ್, ದಪ್ಪ 3.2, ಆರ್ ಅಂದರೆ ದುಂಡಗೆ, ಸಿ ಅಂದರೆ ಒಳಗಿರುವುದು ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್. ಇಷ್ಟನ್ನೂ ಹಾಲಿನವನಿಗೆ ಎರಡು ಸಲ ವಿವರಿಸಲಾಯಿತು. ಮೂಲೆಯಂಗಡಿಗೆ ಓಡಿದ ಹುಡುಗ ಎರಡು ಸಿಆರ್2016 ತಂದ. "ಅದು ಇರಲಿಲ್ಲ. ಇದರ ದಪ್ಪ 1.6, ಎರಡು ಸೇರಿಸಿದ್ರೆ 3.2!"

ರಾಯರ ಕಣ್ಣು ಕ್ಷಣಕಾಲ ಹೆಮ್ಮೆಯಿಂದ ಅರಳಿ, ಕೂಡಲೇ ಕೆಂಪಾಯಿತು. "ದಪ್ಪ ಕೂಡಿಸಿದೆ, ವೋಲ್ಟು ಕೂಡಿಸಿದ್ಯಾ? ಮೂರೂ ಮೂರೂ ಆರು. ರಿಮೋಟು ಹೊಗೆಸೊಪ್ಪಾಗತ್ತೆ!" ಕೊನೆಗೆ ಸರಿಯಾದ ಸೆಲ್ಲು ಡಬ್ಬಿಯ ತಳದಲ್ಲೇ ಸಿಕ್ಕಿತು. ಎಸ್.ಪಿ. ರಸ್ತೆಯಲ್ಲಿ ಒಟ್ಟಿಗೆ ಕೊಂಡದ್ದಂತೆ. ಮೊದಲೇ ಯಾಕೆ ಕೊಡಲಿಲ್ಲವೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅಂಚು ಹಿಡಿದು, ಹಳೆಯದು ಕೂತಿದ್ದ ಹಾಗೆಯೇ ಪ್ಲಸ್ಸು ನೋಡಿ ಕೂರಿಸಿದರು. ಅಷ್ಟರಲ್ಲಿ ಪಕ್ಕದ ಮನೆಯ ಮಗು ಹಳೇ ಸೆಲ್ಲಿಗೆ ಕೈಹಾಕಿತು. ರಾಯರು ಹುಡುಗಾಟವೆಲ್ಲ ಬಿಟ್ಟು ಅದನ್ನು ಕಸಿದುಕೊಂಡರು. "ನುಂಗಿದ್ರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಹುದು. ಸತ್ತ ಸೆಲ್ಲೂ ಅಷ್ಟೇ" ಎಂದು, ಎರಡೂ ಬದಿ ಟೇಪು ಸುತ್ತಿ ಡಬ್ಬಿಗೆ ಹಾಕಿ ಮುಚ್ಚಿದರು.

ಬಟನ್ ಒತ್ತಿದಾಗ ಕಾರು ಕೀ ಕೀ ಎಂದು ದೀಪ ಮಿನುಗಿಸಿತು. ಹಾಲಿನವನು ಚಪ್ಪಾಳೆ ತಟ್ಟಿದ. ಮುಹೂರ್ತ ಮುಗಿದಿತ್ತು, ಊಟದ ಕೊನೇ ಪಂಕ್ತಿಗೆ ಇನ್ನೂ ಅವಕಾಶವಿತ್ತು.

"ನಿಮ್ಮ ಕಾರಿಗೂ ಇದೇ ಸೆಲ್ಲಾ ಅಂಕಲ್?"

"ನನ್ನ ಹತ್ರ ಎಲ್ಲಿ ಕಾರು? ನಾನು ಬಿಎಂಟಿಸಿ ಪಾಸಿನೋನು. ಅದಿರಲಿ, ಕಾರು ತಗೊಂಡಾಗ ಎರಡು ಕೀ ಕೊಟ್ಟಿರ್ತಾರಲ್ಲ? ಇನ್ನೊಂದರ ಸೆಲ್ಲಿಗೂ ಇಷ್ಟೇ ವಯಸ್ಸಾಯ್ತು. ತಾ."

ಹುಡುಗನಿಗೆ ದೇವರೇ ಬುದ್ಧಿ ಕೊಟ್ಟ. "ಅದು ಊರಲ್ಲಿದೆ ಅಂಕಲ್."

"ಯಾವ ಊರು?"

"ತಿಪಟೂರು."

ರಾಯರು ಡಬ್ಬಿ ಕಂಕುಳಿಗೇರಿಸಿದರು. "ಹತ್ರಾನೇ ಆಯ್ತಲ್ಲ. ಮಧ್ಯಾಹ್ನ ಟ್ರೈನು ಎಷ್ಟೊತ್ತಿಗಿದೆ ನೋಡು."