‘ಕೇಬಲ್ ತುಂಡಾಗಿದೆ’ ಎಂದು ತಿಳಿಸಿದ ಮಹನೀಯರಿಗೆ

ಗ್ಯಾರೇಜ್ ಬಾಗಿಲು ರಿಪೇರಿ ಕಂಪನಿಯ ಮಾನ್ಯ ವ್ಯವಸ್ಥಾಪಕರಿಗೆ, ಲಂಡನ್ನಿನ ಕೊಲಿಂಡೇಲ್‌ನಿಂದ ನಿಮ್ಮ ಗ್ರಾಹಕ ಬರೆಯುವುದು.

ನಿಮ್ಮ ತಪಾಸಣಾ ವರದಿ ಈಗಷ್ಟೇ ಇಮೇಲಿಗೆ ಬಂತು. ಮೇಲೆ ಬಣ್ಣಬಣ್ಣದ ಲೋಗೋ, ನಡುವೆ ನನ್ನ ಬಾಗಿಲಿನ ಫೋಟೋ, ಅದರಡಿ ಒಂದೇ ಸಾಲು: ‘ಕೇಬಲ್ ತುಂಡಾಗಿದೆ.’ ಆ ಸಾಲಿನ ಕೆಳಗೆ ಬಿಲ್ಲು. ಮೊದಲ ಸಲ ಫೋನ್ ಮಾಡಿದಾಗ ನಾನು ನಿಮಗೆ ಹೇಳಿದ್ದೂ ಇದೇ ಸಾಲು. ನನ್ನ ಮಾತನ್ನು ನನಗೇ ಮಾರಿದ್ದೀರಿ. ಮೇಲೆ ಶೇ. 20ರ ವ್ಯಾಟ್ ಬೇರೆ.

ಈ ತಪಾಸಣಾ ದರ್ಶನಕ್ಕೆ ನೀವು ಕೊಟ್ಟ ಮುಹೂರ್ತ ಬೆಳಿಗ್ಗೆ 8ರಿಂದ ಸಂಜೆ 6ರೊಳಗೆ. ನಮ್ಮ ಪಂಚಾಂಗದ ರಾಹುಕಾಲಕ್ಕೂ ಒಂದೂವರೆ ಗಂಟೆಯ ಮಿತಿ ಇದೆ ಸ್ವಾಮಿ. ರಜೆ ಹಾಕಿ, ಸ್ನಾನಕ್ಕೂ ಫೋನ್ ಹಿಡಿದುಕೊಂಡೇ ಹೋಗಿ, ಬೀದಿಯಲ್ಲಿ ವ್ಯಾನ್ ಸದ್ದಾದಾಗಲೆಲ್ಲ ಕಿಟಕಿಗೆ ಓಡಿದೆ. ಕತ್ತಲಾಗುವ ಹೊತ್ತಿಗೆ ನಿಮ್ಮ ಹುಡುಗ ಬಂದ. ಒಳ್ಳೆಯವನೇ, ಅವನ ಮೇಲೆ ನನಗೆ ಸಿಟ್ಟಿಲ್ಲ. ಟಾರ್ಚ್ ಬಿಟ್ಟು ನೋಡಿದ, ಫೋಟೋ ಹೊಡೆದ, ಬಾಗಿಲಿಗೆ ಅಡ್ಡಲಾಗಿ ಕೆಂಪು-ಬಿಳಿ ಟೇಪು ಅಂಟಿಸಿದ, ‘ಕೇಬಲ್ ತುಂಡಾಗಿದೆ’ ಎಂದ. ಹಾಕಪ್ಪಾ ಅಂದರೆ ವ್ಯಾನಿನಲ್ಲಿ ಕೇಬಲ್ ಇಲ್ಲವಂತೆ. ಇವತ್ತು ಬರೀ ನೋಡುವುದಂತೆ.

ಹಾಸನದಿಂದ ಬಂದಿರುವ ನಮ್ಮ ಅತ್ತೆ ಅಡುಗೆಮನೆ ಕಿಟಕಿಯಿಂದಲೇ ಇದನ್ನೆಲ್ಲ ನೋಡುತ್ತಿದ್ದರು. “ಅಳಿಯಂದಿರೇ, ಅದು ಕಿತ್ತುಹೋಗಿರೋದು ನನಗೇ ಕಾಣ್ತಿತ್ತಲ್ಲ, ಅದನ್ನ ಹೇಳೋಕೆ ದುಡ್ಡು ಕೊಟ್ರಾ?” ಎಂದರು. ಆವತ್ತಿನಿಂದ ಅವರೂ ದರ ನಿಗದಿ ಮಾಡಿಕೊಂಡಿದ್ದಾರೆ. “ಹಾಲು ಒಡೆದಿದೆ, ತೆಗೀರಿ ದುಡ್ಡು.” “ಬಲ್ಬು ಹೋಗಿದೆ, ತೆಗೀರಿ ದುಡ್ಡು.” ಅವರಿಗಾಗಿ ಕಾಯಬೇಕಾಗಿಲ್ಲ ಎನ್ನುವುದೊಂದೇ ಸಮಾಧಾನ.

ನಿಮ್ಮ ವರದಿಯಲ್ಲಿ ಇಲ್ಲದ್ದನ್ನು ಪುಕ್ಕಟೆಯಾಗಿ ನಾನೇ ಬರೆದುಕೊಡುತ್ತೇನೆ. ನಮ್ಮದು ಮೇಲಕ್ಕೆತ್ತಿ ಒಳಕ್ಕೆ ತಳ್ಳುವ ಒಂದೇ ಹಲಗೆಯ ಬಾಗಿಲು. ಅದರ ಭಾರ ಹೊರುವುದು ಚೌಕಟ್ಟಿನ ಮೇಲುಗಡೆ ಅಡ್ಡಲಾಗಿರುವ ಸುರುಳಿ ಸ್ಪ್ರಿಂಗು. ಸ್ಪ್ರಿಂಗಿನ ಎರಡು ತುದಿಗೂ ಒಂದೊಂದು ಕೋನ್. ಕೋನಿಗೆ ಸುತ್ತಿದ ಉಕ್ಕಿನ ಕೇಬಲ್ ಇಳಿದು ಬಾಗಿಲ ಕೆಳಮೂಲೆಯ ರೋಲರಿಗೆ ಸಿಕ್ಕಿಕೊಂಡಿರುತ್ತದೆ. ಮಳೆನೀರು ತಾಗುವುದು, ತುಕ್ಕು ಹಿಡಿಯುವುದು ಆ ಮೂಲೆಯಲ್ಲೇ. ಬಾವಿ ಹಗ್ಗ ಸವೆಯುವ ಹಾಗೆ ಒಂದೊಂದೇ ಎಳೆ ಬಿಟ್ಟುಕೊಂಡು ಬಂದು, ಕೊನೆಗೊಂದು ದಿನ ‘ಟಣ್’. ಎಡಗಡೆಯದು ಹೋಯಿತು. ಬಲಗಡೆಯದು ಒಂದೇ ಎಳೆಯುತ್ತಿರುವುದರಿಂದ ಬಾಗಿಲು ಓರೆಯಾಗಿ ಕಚ್ಚಿಕೊಂಡು ನಿಂತಿದೆ. ಸ್ಪ್ರಿಂಗಿನಲ್ಲಿ ಬಿಗಿ ಹಾಗೇ ಇದೆ, ಅರಿಯದವರು ಕೈ ಹಾಕಿದರೆ ಮಣಿಕಟ್ಟೇ ಮುರಿದೀತು. ಅದಕ್ಕೇ ನಿಮ್ಮನ್ನು ಕರೆದದ್ದು. ಕೇಬಲ್ ಜೋಡಿಯಾಗಿಯೇ ಬದಲಿಸಬೇಕು. ಆ ಜೋಡಿಗೆ ನಿಮ್ಮ ತಪಾಸಣಾ ಶುಲ್ಕದಷ್ಟು ಬೆಲೆಯೂ ಇಲ್ಲ.

ಗ್ಯಾರೇಜಿಗೆ ಬೇರೆ ಬಾಗಿಲಿಲ್ಲ. ಒಳಗಿರುವುದು ಕಾರಲ್ಲ. 1924ರಲ್ಲಿ ಟ್ಯೂಬ್ ರೈಲು ಬಂದ ಮೇಲೆ ಇಲ್ಲಿ ಎದ್ದ ಮನೆಗಳಿಗೆ ಕಟ್ಟಿದ ಗ್ಯಾರೇಜುಗಳು ಇವು. 1959ರ ಮೊದಲ ಮಿನಿ ಕಾರಿನ ಅಗಲ ಸುಮಾರು 1.4 ಮೀಟರ್, ಈಗಿನ ಗಾಲ್ಫ್ ಕಾರಿನದು 1.79. ಈಗಿನ ಕಾರು ಒಳಗೆ ಹಿಡಿಸದು; ಹಾಗಾಗಿ ಕಾರು ಬೀದಿಯಲ್ಲಿ, ಗ್ಯಾರೇಜಿನಲ್ಲಿ ಗ್ರೈಂಡರು, ಅಕ್ಕಿ ಚೀಲ, ಊರಿಗೆ ಹೋಗುವ ಸೂಟ್‌ಕೇಸು, ಮತ್ತೆ ದಸರಾ ಗೊಂಬೆಗಳು. ಪಟ್ಟದ ಗೊಂಬೆ ರಾಜ-ರಾಣಿ ಕತ್ತಲಲ್ಲಿ ಸೆರೆಯಾಗಿದ್ದಾರೆ; ನವರಾತ್ರಿ ಹತ್ತಿರ ಬಂತು. ಈ ಸಲ ಆಯುಧಪೂಜೆಗೆ ನಿಮ್ಮ ಬಿಲ್ಲನ್ನೇ ಇಟ್ಟು ಕುಂಕುಮ ಹಚ್ಚುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅಷ್ಟು ಹರಿತವಾದದ್ದು ನಮ್ಮಲ್ಲಿ ಇನ್ನೊಂದಿಲ್ಲ.

ಮುಂದಿನ ಸಲ ಈ ಕಡೆ ಬಂದಾಗ ನಿಮ್ಮ ಹುಡುಗನನ್ನು ಇಲ್ಲೇ ಇರುವ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿಗೆ ಕಳಿಸಿ. ಪ್ರವೇಶ ಉಚಿತ, ತಪಾಸಣಾ ಶುಲ್ಕವೂ ಇಲ್ಲ. ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮೆಲ್ ವಿಮಾನ ಅಲ್ಲಿದೆ. ಮರದ ಕಡ್ಡಿ, ಬಟ್ಟೆ ಹೊದಿಸಿದ ಎರಡು ಅಂತಸ್ತಿನ ರೆಕ್ಕೆ. ಆ ರೆಕ್ಕೆಗಳನ್ನು ಬಿಗಿಹಿಡಿದಿರುವುದು ತಂತಿ. ಬರೀ ತಂತಿ! ಬ್ರಿಟನ್ನಿನ ಮೊದಲ ಅಧಿಕೃತ ವಿಮಾನ ಅಂಚೆ 1911ರ ಸೆಪ್ಟೆಂಬರ್ 9ರಂದು ವಿಂಡ್ಸರಿಗೆ ಹಾರಿದ್ದು ಆ ಮ್ಯೂಸಿಯಂ ಇರುವ ಇದೇ ಹೆಂಡನ್ ಮೈದಾನದಿಂದ. ಅದೂ ಅಂಥ ತಂತಿ ಬಿಗಿದ ವಿಮಾನದಲ್ಲೇ. ತಂತಿಯನ್ನು ನಂಬಿ ಜನ ಆಕಾಶಕ್ಕೆ ಹೋದ ಊರಿನಲ್ಲಿ ಒಂದು ಬಾಗಿಲು ಎದೆಮಟ್ಟಕ್ಕೂ ಏಳುತ್ತಿಲ್ಲ.

ಕೊಲಿಂಡೇಲ್ ಅವೆನ್ಯೂದಲ್ಲಿ 1932ರಿಂದ 2013ರವರೆಗೆ ಪತ್ರಿಕೆಗಳ ಗ್ರಂಥಾಲಯವಿತ್ತು. ಇದ್ದಿದ್ದರೆ ಹೋಗಿ ಹಳೆಯ ವಾಚಕರ ಪತ್ರಗಳಲ್ಲಿ ನಿಮ್ಮಂಥವರ ಪೂರ್ವಜರನ್ನು ಹುಡುಕುತ್ತಿದ್ದೆ. ಪತ್ರಿಕೆಗಳೆಲ್ಲ ಯಾರ್ಕ್‌ಷೈರಿನ ಬಾಸ್ಟನ್ ಸ್ಪಾಗೆ ಹೋದವು, ಆ ಜಾಗದಲ್ಲಿ ಈಗ ಫ್ಲ್ಯಾಟುಗಳು. ನೀವು ಬಚಾವಾದಿರಿ.

ಇನ್ನು ತಮಾಷೆ ಸಾಕು. ವರದಿ ನೋಡಿದ ಕೂಡಲೇ ನಿಮ್ಮ ಕಚೇರಿಗೆ ಫೋನ್ ಮಾಡಿ, ಬಹಳ ಹೊತ್ತು ಸಂಗೀತ ಕೇಳಿದ ಮೇಲೆ ಸಿಕ್ಕ ಉತ್ತರ: ಕೇಬಲ್ ಹಾಕಬೇಕಾದರೆ ಮತ್ತೆ ಬುಕ್ ಮಾಡಬೇಕು, ಮತ್ತೊಂದು ರಾಹುಕಾಲ ಕಾಯಬೇಕು, ಬರುವ ಶುಲ್ಕ ಮತ್ತೆ ಕಟ್ಟಬೇಕು. ಯಾಕೆ? ನಾನು ಕೇಳಿದ್ದು ರಿಪೇರಿ, ತಪಾಸಣೆಯಲ್ಲ. ಯಾವ ಕಡೆಯ ಕೇಬಲ್, ಎಂಥ ಬಾಗಿಲು ಎಂದು ಫೋಟೋ ಸಮೇತ ಮೊದಲೇ ಕಳಿಸಿದ್ದೆ. ನೀವು ಅದನ್ನು ತೆರೆದೂ ನೋಡಿಲ್ಲ. ನೋಡದೆ ಖಾಲಿ ಕೈಯಲ್ಲಿ ಹುಡುಗನನ್ನು ಅಟ್ಟಿ, ಆ ಖಾಲಿ ಕೈಗೆ ನನ್ನಿಂದ ದುಡ್ಡು ಕಿತ್ತುಕೊಳ್ಳುತ್ತಿದ್ದೀರಿ. ಒಂದು ವಾಚ್ ಅಂಗಡಿಯವನು ‘ನಿಮ್ಮ ವಾಚು ನಿಂತಿದೆ’ ಎಂದು ಹೇಳಿ ದುಡ್ಡು ಕೇಳಿದರೆ ನೀವು ಕೊಡುತ್ತೀರಾ?

2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಕೆಲಸವನ್ನು ತಕ್ಕ ಎಚ್ಚರ ಮತ್ತು ಕೌಶಲದಿಂದ, ತಕ್ಕ ಸಮಯದೊಳಗೆ ಮಾಡಿಕೊಡಬೇಕಾದ್ದು ನಿಮ್ಮ ಹೊಣೆ. ಆಗದಿದ್ದರೆ ಬೆಲೆ ಇಳಿಸಿ ಎಂದು ಕೇಳುವ ಹಕ್ಕು ನನ್ನದು. ಆದ್ದರಿಂದ ಕೇಬಲ್ ಜೋಡಿ ಹಿಡಿದುಕೊಂಡಿರುವ ಒಬ್ಬರನ್ನು ಹೊಸ ಶುಲ್ಕವಿಲ್ಲದೆ ಕಳಿಸಿ. ಆಗುವುದಿಲ್ಲವೆಂದರೆ ಕಟ್ಟಿರುವ ದುಡ್ಡು ವಾಪಸು ಮಾಡಿ, ಬೇರೆಯವರನ್ನು ಕರೆಯುತ್ತೇನೆ. ನವರಾತ್ರಿಯ ಮೊದಲು ಗೊಂಬೆ ಹೊರಗೆ ಬರಬೇಕು.

ಇತಿ,
ಓರೆ ಬಾಗಿಲಿನ ಮನೆಯವನು

ತಾ.ಕ.: ನಮ್ಮ ಬೀದಿ ಪರ್ಮಿಟ್ ವಲಯ. ನಿಮ್ಮ ವ್ಯಾನಿಗೆ ನಾನು ಕೊಟ್ಟ ಪಾರ್ಕಿಂಗ್ ವೋಚರಿನ ದುಡ್ಡನ್ನೂ ವಾಪಸಿನಲ್ಲಿ ಸೇರಿಸಿ.